ಷರಾ

ಮೊದಲು ಇದನ್ನು ಓದಿ ಹೇಳಬೇಕು, ನಿಯಮ:
"ನೀವು ಕೊಡುವ ಮಾಹಿತಿಯನ್ನು ಗೌಪ್ಯವಾಗಿಡಲಾಗುವುದು."
ಗೌರಿ ಕಾಲುವೆ, ಮೂರನೇ ಅಡ್ಡರಸ್ತೆ, ಶೀಟಿನ ಮನೆ,
ಪಟ್ಟಿಯಲ್ಲಿ ಕುಟುಂಬ ಸಂಖ್ಯೆ ಹನ್ನೊಂದು.
ಅಕ್ಕಿಯ ಮೊರ ಪಕ್ಕಕ್ಕೆ ಸರಿಸಿ ಕೂತರು ದೇವೀರಮ್ಮ.
ಗಂಡ ಹೊಸಿಲ ಮೇಲೆ, ಬೀದಿಗೆ ಮುಖ, ಇತ್ತ ಕಿವಿ.
ಗೌಪ್ಯಕ್ಕೂ ಅವರಿಗೂ ನಡುವೆ ಮೂರು ಅಡಿ.

ಕುಟುಂಬ ಅಂದರೆ ಯಾರು?
ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು:
ಒಂದೇ ಒಲೆಯ ಅಡುಗೆ ಉಣ್ಣುವವರು.
"ಹಂಗಾದ್ರೆ ಬರ್ಕೊಳಿ. ನಾನು, ಇವರು, ಮಗಳು.
ಪಕ್ಕದ್ಮನೆ ಫಿಲೋಮಿನಮ್ಮ, ಅವರ ಗ್ಯಾಸ್ ಮುಗಿದ ವಾರ."
ವಾರಕ್ಕೆ ಕೋಡ್ ಇಲ್ಲ.
ಮೂರು ಎಂದು ಒತ್ತಿದೆ.

ಕಳೆದ ಮೂವತ್ತು ದಿನಗಳಲ್ಲಿ:
ರಾಗಿ, ಎಣ್ಣೆ, ಸೋಪು, ಮೊಬೈಲಿಗೆ ಹಾಕಿಸಿದ್ದು,
ಮೊಟ್ಟೆ ಎಷ್ಟು, ಅದರಲ್ಲಿ ಸ್ಕೂಲಿನಲ್ಲಿ ತಿಂದದ್ದೆಷ್ಟು.
ಕಾಫಿಪುಡಿ?
"ಇನ್ನೂರು ಗ್ರಾಂ. ಅರ್ಧ ಚಿಕೋರಿ."
ಕ್ಯೂರಿಂಗ್ ವರ್ಕ್ಸಿನಲ್ಲಿ ಹದಿನೆಂಟು ವರ್ಷ
ಬೀಜ ಆರಿಸಿದ ಬೆರಳು, ಮಾತಾಡುವಾಗಲೂ
ನೆಲದ ಮೇಲೆ ಇಲ್ಲದ ಬೀಜವನ್ನು ಸರಿಸುತ್ತವೆ,
ಕರಿದು ಅತ್ತ, ಒಡೆದದ್ದು ಇತ್ತ.
"ಒಳ್ಳೆ ಬೀಜದ ರುಚಿ ಗೊತ್ತಿಲ್ಲ ಮೇಡಂ.
ಬಣ್ಣ ಗೊತ್ತು."

ಪ್ರಶ್ನೆ ಅರವತ್ತೆರಡು.
ಕಳೆದ ಒಂದು ವರ್ಷದಲ್ಲಿ ಒಡವೆ ಅಡ ಇಟ್ಟಿದ್ದೀರಾ?
"ಇಲ್ಲಮ್ಮಾ" ಎಂದರು, ಅಗತ್ಯಕ್ಕಿಂತ ಗಟ್ಟಿಯಾಗಿ.
ಎಡಗೈ ಮಾತ್ರ ಮೊರಕ್ಕೆ ಹೋಯಿತು,
ಎರಡು ಅಕ್ಕಿಕಾಳು ತೆಗೆದು
ನನ್ನ ಮೊಣಕಾಲ ಬಳಿ ಇಟ್ಟಿತು.
ಕಿವಿ ನೋಡಿದೆ.
ತೂತಿನಲ್ಲಿ ಬೇವಿನ ಕಡ್ಡಿ.

ನಾನು ನೋಡಿದ್ದನ್ನು ನೋಡಿದರೋ ಏನೋ,
ಹೊಸಿಲಿನಿಂದ ದನಿ ಬಂತು, ತಿರುಗದೆಯೇ:
"ಕಿವಿ ಹುಣ್ಣಾಗಿತ್ತು ಅವಳಿಗೆ. ಓಲೆ ಬೀರುನಲ್ಲೈತೆ."
ಆಮೇಲೆ ಒಂದು ಕೆಮ್ಮು.
ಅವರು ನಂಬಿದ್ದರೋ,
ಹೆಂಡತಿಯ ಸುಳ್ಳಿಗೆ ತಾವೂ ಒಂದು ಹೆಗಲು ಕೊಟ್ಟರೋ,
ಆ ಪ್ರಶ್ನೆ ನಮ್ಮ ಪಟ್ಟಿಯಲ್ಲಿಲ್ಲ.

ಖಾಲಿ ಬಿಟ್ಟರೆ ಮುಂದಕ್ಕೆ ಬಿಡುವುದಿಲ್ಲ ಯಂತ್ರ.
ಹೌದು ಒತ್ತಿದೆ. ಹಿಂದೆ ಬಂದೆ. ಇಲ್ಲ ಒತ್ತಿದೆ.
ಮತ್ತೆ ಹಿಂದೆ ಬಂದೆ.

ದಿಢೀರನೆ ಇಪ್ಪತ್ತು ಸಾವಿರ ಬೇಕಾದರೆ
ಒಂದು ವಾರದಲ್ಲಿ ಹೊಂದಿಸಬಲ್ಲಿರಾ?
ಇಲ್ಲಿ ಮಾತ್ರ ಅವರು ಉತ್ಸಾಹದಿಂದ ಎಣಿಸಿದರು:
"ಸಂಘದಲ್ಲಿ ಆರು. ಫಿಲೋಮಿನಮ್ಮ ಎರಡು ಕೊಡ್ತಾರೆ, ಕೇಳ್ಬೇಕಾಗಿಲ್ಲ.
ಮೇಸ್ತ್ರಿ ಒಂದೂವರೆ, ಬೈದು ಕೊಡ್ತಾನೆ.
ನಮ್ಮಣ್ಣ ಇಲ್ಲ ಅಂತಾನೆ, ರಾತ್ರಿ ಬಂದು ಮೂರು ಕೊಡ್ತಾನೆ."
ಉಳಿದದ್ದು?
"ಉಳಿದಿದ್ದಕ್ಕೇ ಅಲ್ವಾ ಒಂದು ವಾರ ಇರೋದು."
ಮಗಳು ನಕ್ಕಳು. ನಾನೂ ನಕ್ಕೆ.
ಆಗಲೇ ಕೇಳಿಬಿಟ್ಟರು:
"ನಿಮ್ ಕೈಲಿ ಆಗುತ್ತಾ ಮೇಡಂ?"

ಮೂರು ತಿಂಗಳ ಪ್ರಯಾಣಭತ್ಯೆ ಬಂದಿಲ್ಲ,
ನನ್ನದು ಗುತ್ತಿಗೆ, ಮಾರ್ಚಿಗೆ ಮುಗಿಯುತ್ತದೆ,
ನನ್ನ ಮನೆ ಯಾರ ಮಾದರಿಗೂ ಬಿದ್ದಿಲ್ಲ ಇದುವರೆಗೆ.
"ಆಗುತ್ತೆ" ಎಂದೆ,
ಅಗತ್ಯಕ್ಕಿಂತ ಗಟ್ಟಿಯಾಗಿ.
ದೇವೀರಮ್ಮ ಒಂದು ಗಳಿಗೆ ನನ್ನನ್ನು ನೋಡಿದರು,
ಬೀಜ ನೋಡುವ ಹಾಗೆ,
ಕಾಫಿಗೆ ಎದ್ದರು.

ಹೋದ ವರ್ಷಕ್ಕೆ ಹೋಲಿಸಿದರೆ ನಿಮ್ಮ ಪರಿಸ್ಥಿತಿ?
ಉತ್ತಮ, ಹಾಗೇ ಇದೆ, ಹದಗೆಟ್ಟಿದೆ, ಹೇಳಲಾಗದು.
ಒಳಗಿಂದ ಲೋಟದ ಸದ್ದು:
"ಸಕ್ಕರೆ ಎಷ್ಟು ಹಾಕ್ಲಿ?"

ಸಂಜೆ ಹನುಮಂತಪ್ಪ ಸರ್ಕಲ್ಲಿನಲ್ಲಿ
ಸಿಗ್ನಲ್ ಸಿಕ್ಕಿತು, ಹನ್ನೊಂದು ಹೋಯಿತು.
ಷರಾ ಕಲಮಿನಲ್ಲಿ ಬರೆದಿದ್ದೆ:
ಕುಟುಂಬ ಸಹಕರಿಸಿತು. ಕಾಫಿ ಕೊಟ್ಟರು.
ರಾತ್ರಿ ಮೇಲ್ವಿಚಾರಕರ ಫೋನು:
"ಕಾಫಿ ಕುಡಿದಿದ್ದೆಲ್ಲ ಯಾಕ್ರೀ ಬರೀತೀರ, ತೆಗೀರಿ."
ತೆಗೆದೆ.
ಅರವತ್ತೆರಡರ ಬಗ್ಗೆ ಅವರು ಏನೂ ಕೇಳಲಿಲ್ಲ.